ಐಎಎಸ್‌ನಿಂದ ಸೆಬಿ ಅಧ್ಯಕ್ಷಗಿರಿಗೆ: ಸಿ.ಬಿ. ಭಾವೆ ಅವರ ವೃತ್ತಿಯಲ್ಲಿ ನೋಡಬೇಕಾದ್ದೇನು?

ಲೆಡ್ಜರ್ ಪುಟ

1988ರಿಂದ ಇಲ್ಲಿಯವರೆಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಹನ್ನೊಂದು ಅಧ್ಯಕ್ಷರು. ಅವರಲ್ಲಿ ಏಳು ಮಂದಿ ಐಎಎಸ್‌ನವರು: ಜಿ.ವಿ. ರಾಮಕೃಷ್ಣ, ಡಿ.ಆರ್. ಮೆಹ್ತಾ, ಎಂ. ದಾಮೋದರನ್, ಸಿ.ಬಿ. ಭಾವೆ, ಯು.ಕೆ. ಸಿನ್ಹಾ, ಅಜಯ್ ತ್ಯಾಗಿ, ಮತ್ತು 2025ರ ಮಾರ್ಚ್ 1ರಿಂದ ತುಹಿನ್ ಕಾಂತ ಪಾಂಡೆ. ಪ್ರತಿ ನೇಮಕದ ಹೊತ್ತಿಗೂ ಒಂದೇ ಪ್ರಶ್ನೆ ಏಳುತ್ತೆ: ಜಿಲ್ಲಾಡಳಿತ ನೋಡಿಕೊಂಡು ಬಂದವರಿಗೆ ಷೇರುಪೇಟೆಯ ಒಳಗಿನ ಲೆಕ್ಕ ಏನು ಗೊತ್ತಿರುತ್ತೆ? ಇದನ್ನು ಗಾಳಿಯಲ್ಲಿ ಮಾತಾಡೋದಕ್ಕಿಂತ ಒಬ್ಬರನ್ನು ಹಿಡಿದು ನೋಡೋಣ ಅಂತ ಈ ಚರ್ಚೆ ಶುರುಮಾಡ್ತಿದ್ದೇನೆ.

ನಾನು ಭಾವೆ ಅವರನ್ನು ಆರಿಸಿದ್ದಕ್ಕೆ ಕಾರಣ ಇದೆ. 1975ರ ತಂಡ, ಮಹಾರಾಷ್ಟ್ರ ಕೇಡರ್. 1992ರಿಂದ 1996ರವರೆಗೆ, ಅಂದರೆ ಸೆಬಿಗೆ ಕಾನೂನಿನ ಬಲ ಸಿಕ್ಕ ಮೊದಲ ವರ್ಷಗಳಲ್ಲೇ, ಅಲ್ಲಿ ಹಿರಿಯ ಕಾರ್ಯನಿರ್ವಾಹಕ ನಿರ್ದೇಶಕ. 1996ರಲ್ಲಿ ಐಎಎಸ್ ಬಿಟ್ಟು ಎನ್‌ಎಸ್‌ಡಿಎಲ್ ಕಟ್ಟಲು ಹೋದರು, ಅದು ಷೇರುಗಳನ್ನು ಕಂಪ್ಯೂಟರ್ ಖಾತೆಯಲ್ಲಿ ಇಟ್ಟುಕೊಳ್ಳುವ ಡಿಪಾಸಿಟರಿ ಸಂಸ್ಥೆ. ಸುಮಾರು ಹನ್ನೆರಡು ವರ್ಷ ಅದರ ಮುಖ್ಯಸ್ಥರು. 2008ರ ಫೆಬ್ರವರಿ 18ರಿಂದ ಮೂರು ವರ್ಷ ಸೆಬಿ ಅಧ್ಯಕ್ಷರು. ಹೀಗೆ ಮೊದಲು ನಿಯಂತ್ರಕರ ಕಚೇರಿ, ಆಮೇಲೆ ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆ, ಮತ್ತೆ ನಿಯಂತ್ರಕರ ಕುರ್ಚಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದವರು ತಿದ್ದಿ. ಈ ಮೂರೂ ಕಡೆ ಅವರ ಕೆಲಸದ ಹಿಂದೆ ಒಂದೇ ಪ್ರಶ್ನೆ ಕಾಣುತ್ತೆ: ಹೂಡಿಕೆದಾರನ ಕಾಗದ ಮತ್ತು ಹಣ ಯಾರ ಕೈಯಲ್ಲಿ, ಎಷ್ಟು ದಿನ ಕೂತಿರುತ್ತೆ? ಡಿಮ್ಯಾಟ್ (ಕಾಗದದ ಬದಲು ಖಾತೆಯಲ್ಲಿ ಷೇರು), ಅಸ್ಬಾ (ಹೊಸ ಷೇರಿನ ಅರ್ಜಿಗೆ ಹಣವನ್ನು ನಮ್ಮ ಖಾತೆಯಲ್ಲೇ ತಡೆಹಿಡಿಯುವ ಪದ್ಧತಿ), ಮ್ಯೂಚುವಲ್ ಫಂಡಿನ ಎಂಟ್ರಿ ಲೋಡ್ (ಹಣ ಹಾಕುವಾಗಲೇ ಹಿಡಿಯುತ್ತಿದ್ದ ಶುಲ್ಕ) ರದ್ದತಿ ಮೂರಕ್ಕೂ ಬೇರು ಇದೇ.

ತುಂಗಾ ದಂಡೆ

ಒಳ್ಳೇ ವಿಷಯ ಸರ್. ಆದರೆ ಡಿಮ್ಯಾಟ್‌ನ ಮೊದಲು ಕಷ್ಟ ಏನಿತ್ತು ಅನ್ನೋದು ಈಗಿನವರಿಗೆ ಗೊತ್ತಿಲ್ಲ. ಮೊಬೈಲಲ್ಲಿ ಒತ್ತಿದರೆ ಷೇರು ಬರುತ್ತೆ, ಅಷ್ಟೇ ಕಂಡಿದ್ದು. ಅದನ್ನು ಯಾರಾದರೂ ಬಿಡಿಸಿ ಹೇಳಿದರೆ ಉಳಿದದ್ದೂ ಅರ್ಥವಾಗುತ್ತೆ.

ಹಳೇ ಫೋಲಿಯೊ

ಬಿಡಿಸಿ ಹೇಳ್ತೀನಿ. 90ರ ದಶಕದ ಮೊದಲರ್ಧ ಅಂದುಕೊಳ್ಳಿ. 100 ಷೇರು, ದರ 480, ಒಟ್ಟು 48,000 ರೂಪಾಯಿಯ ಒಂದು ಮಾರಾಟ. ಮಾರುವವನ ಹತ್ತಿರ 50 ಷೇರಿನ ಎರಡು ಪತ್ರ ಇದೆ.

ಪತ್ರದ ಜೊತೆ ಟ್ರಾನ್ಸ್‌ಫರ್ ಡೀಡ್ ಇರಬೇಕು, ನಮೂನೆ 7ಬಿ. ಅದರಲ್ಲಿ ಕಂಪನಿ ಹೆಸರು, ಫೋಲಿಯೊ ಸಂಖ್ಯೆ (ಕಂಪನಿ ಪುಸ್ತಕದಲ್ಲಿ ಷೇರುದಾರನ ಖಾತೆ ಸಂಖ್ಯೆ), ಪತ್ರದ ಸಂಖ್ಯೆ, ಷೇರುಗಳ ಕ್ರಮಸಂಖ್ಯೆ ಇಲ್ಲಿಂದ ಇಲ್ಲಿಯವರೆಗೆ ಅಂತ ಬರೆಯಬೇಕು. ಮಾರುವವನ ಸಹಿ, ಸಾಕ್ಷಿಯ ಸಹಿ ಮತ್ತು ವಿಳಾಸ. ಕೊಂಡವನು ಹಿಂಬದಿಗೆ ಷೇರು ವರ್ಗಾವಣೆಯ ಸ್ಟ್ಯಾಂಪ್ ಅಂಟಿಸಬೇಕು. ನೂರಕ್ಕೆ 50 ಪೈಸೆಯಂತೆ 48,000ಕ್ಕೆ 240 ರೂಪಾಯಿ. ಸ್ಟ್ಯಾಂಪಿನ ಮೇಲೆ ಅಡ್ಡಗೆರೆ ಎಳೆದು ರದ್ದು ಮಾಡಿರಬೇಕು. ಮರೆತರೆ ಅದೇ ಒಂದು ಆಕ್ಷೇಪ.

ಆಮೇಲೆ ಕಂಪನಿಯ ಪರವಾಗಿ ಷೇರುದಾರರ ದಾಖಲೆ ಇಡುವ ರಿಜಿಸ್ಟ್ರಾರ್‌ಗೆ ಅಂಚೆಯಲ್ಲಿ ರವಾನೆ. ಅಲ್ಲಿ ಗುಮಾಸ್ತರು ಡೀಡಿನ ಸಹಿಯನ್ನು ಕಡತದಲ್ಲಿರುವ ಮಾದರಿ ಸಹಿಯ ಪಕ್ಕ ಇಟ್ಟು ನೋಡುತ್ತಾರೆ. ಹತ್ತು ವರ್ಷದ ಹಿಂದೆ ಅರ್ಜಿ ಹಾಕುವಾಗ ಇಂಗ್ಲಿಷಲ್ಲಿ ಪೂರ್ತಿ ಹೆಸರು ಬರೆದು, ಈಗ ಇನಿಷಿಯಲ್ ಹಾಕಿ ಗೀಚಿದ್ದರೆ ಮುಗೀತು. "ಸಹಿ ಹೊಂದುತ್ತಿಲ್ಲ" ಎಂಬ ಚೀಟಿ ಜೊತೆ ವಾಪಸ್. ಅದು ಕೊಂಡವನಿಂದ ಅವನ ಬ್ರೋಕರ್‌ಗೆ, ಅಲ್ಲಿಂದ ಷೇರು ವಿನಿಮಯ ಕೇಂದ್ರದ ಕ್ಲಿಯರಿಂಗ್ ಮನೆಗೆ, ಅಲ್ಲಿಂದ ಮಾರಿದವನ ಬ್ರೋಕರ್‌ಗೆ, ಕೊನೆಗೆ ಮಾರಿದವನಿಗೆ ಹೋಗಬೇಕು. ಇದಕ್ಕೆ ಪೇಟೆಯಲ್ಲಿ "ಬ್ಯಾಡ್ ಡೆಲಿವರಿ" ಅಂತಿದ್ದರು. ಸಹಿ ಸರಿಯಾಗಿದ್ದರೂ ಹೆಸರು ಬದಲಾಗಿ ಪತ್ರ ಕೈಗೆ ಬರಲು ತಿಂಗಳುಗಟ್ಟಲೆ. ಅಷ್ಟರೊಳಗೆ ಕಂಪನಿ ಲಾಭಾಂಶ ಯಾರಿಗೆ ಅಂತ ಗುರುತಿಸಲು ಷೇರುದಾರರ ಪುಸ್ತಕ ಮುಚ್ಚಿದರೆ ಲಾಭಾಂಶವೂ ಬೋನಸ್ಸೂ ಹಳೇ ಹೆಸರಿಗೇ ಹೋಗುತ್ತಿತ್ತು, ಅದನ್ನು ಕೇಳಿ ಪಡೆಯೋದು ಮತ್ತೊಂದು ಪತ್ರವ್ಯವಹಾರ. ದಾರಿಯಲ್ಲಿ ಕಳವು, ನಕಲಿ ಪತ್ರ ಬೇರೆ.

ಕೊಂಡವನು ದುಡ್ಡು ಕೊಟ್ಟಾಗಿದೆ, ಆದರೆ ಒಡೆತನ ಯಾವುದೋ ಮೇಜಿನ ಮೇಲಿದೆ. ಇದು ಆಗಿನ ಸ್ಥಿತಿ.

ಲೆಡ್ಜರ್ ಪುಟ

ಧನ್ಯವಾದ ಸರ್. ಇದಕ್ಕೆ 1996ರ ಡಿಪಾಸಿಟರಿ ಕಾಯ್ದೆ ಕೊಟ್ಟ ಉತ್ತರ ತುಂಬಾ ಸರಳ. ಕಲಂ 10ರ ಪ್ರಕಾರ ಕಂಪನಿಯ ದಾಖಲೆಯಲ್ಲಿ ನೋಂದಾಯಿತ ಒಡೆಯ ಡಿಪಾಸಿಟರಿ. ಮತ, ಲಾಭಾಂಶ, ಹೊಣೆ ಎಲ್ಲ ಡಿಪಾಸಿಟರಿಯ ಪುಸ್ತಕದಲ್ಲಿ ಹೆಸರಿರುವ ಫಲಾನುಭವಿ ಒಡೆಯನದು. ಹಾಗಾಗಿ ಷೇರು ಕೈಬದಲಾದರೆ ಕಂಪನಿಯ ಕಡೆ ಏನೂ ಬದಲಾಗಬೇಕಿಲ್ಲ. ಡಿಪಾಸಿಟರಿಯ ಖಾತೆಯಲ್ಲಿ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿಸಿದರೆ ಆಯಿತು. ಸಹಿ ಹೋಲಿಸುವವರೂ ಬೇಡ, ಸ್ಟ್ಯಾಂಪ್ ಅಂಟಿಸೋದೂ ಬೇಡ.

ಐಡಿಬಿಐ, ಯುಟಿಐ, ಎನ್‌ಎಸ್‌ಇ ಸೇರಿ ಕಟ್ಟಿದ ಎನ್‌ಎಸ್‌ಡಿಎಲ್ 1996ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಜನ ಬರುವುದಿಲ್ಲ. ಡಿಮ್ಯಾಟ್ ರೂಪದಲ್ಲಿ ಷೇರು ಕಡಿಮೆ ಇದ್ದರೆ ಅಲ್ಲಿ ವ್ಯಾಪಾರ ನಡೆಯಲ್ಲ. ವ್ಯಾಪಾರ ಇಲ್ಲದಿದ್ದರೆ ಯಾರೂ ಕಾಗದ ಒಪ್ಪಿಸಲ್ಲ. ಈ ಗಂಟನ್ನು ಬಿಡಿಸಿದ್ದು ಹಂತಹಂತದ ಕಡ್ಡಾಯ. 1998ರ ಜನವರಿಯಲ್ಲಿ ದೊಡ್ಡ ಸಂಸ್ಥೆಗಳಿಗೆ ಮಾತ್ರ, ಆಯ್ದ ಕೆಲವು ಷೇರುಗಳಲ್ಲಿ. 1999ರ ಜನವರಿಯಿಂದ ಸಾಮಾನ್ಯ ಹೂಡಿಕೆದಾರರಿಗೂ, ಮೊದಲು ಹನ್ನೆರಡು ಷೇರುಗಳಲ್ಲಿ, ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. ಸಣ್ಣವರಿಗೆ 500 ಷೇರಿನವರೆಗೆ ಕಾಗದದಲ್ಲೇ ಮಾರಲು ಬೇರೆ ಕಿಟಕಿ ಇಟ್ಟಿದ್ದರು.

ಇಲ್ಲಿ ಆಡಳಿತಗಾರನ ಕೈ ಕಾಣುತ್ತೆ ಅಂತ ನನ್ನ ನಂಬಿಕೆ. ದೊಡ್ಡವರಿಂದ ಶುರುಮಾಡಿ, ಅವರಿಂದ ಷೇರಿನ ರಾಶಿ ಕಟ್ಟಿ, ಆಮೇಲೆ ಸಣ್ಣವರನ್ನು ಕರೆಯುವುದು ಪಡಿತರ, ಭೂದಾಖಲೆ ಕೆಲಸ ಕಂಡವರಿಗೆ ಹೊಳೆಯುವ ಕ್ರಮ. ಕಡ್ಡಾಯ ಮಾಡಿದ್ದು ಸೆಬಿ, ಆಗ ಅಧ್ಯಕ್ಷರು ಡಿ.ಆರ್. ಮೆಹ್ತಾ. ಆ ಭಾರ ತಡೆಯುವ ವ್ಯವಸ್ಥೆ ಕಟ್ಟಿಕೊಟ್ಟದ್ದು ಎನ್‌ಎಸ್‌ಡಿಎಲ್.

ಹುಬ್ಬಳ್ಳಿ ಮಂದಿ

ಇದರ ಮ್ಯಾಲೆ ಒಂದ್ ಮಾತ್ ಸೇರಸ್ತೀನ್ರಿ. ಸೆಟಲ್‌ಮೆಂಟ್ ದಿನ ನೋಡ್ರಿ, ಅಂದ್ರ ವ್ಯಾಪಾರ ಆದ್ ಮ್ಯಾಲೆ ಷೇರು, ರೊಕ್ಕ ಕೈ ಸೇರೂ ಕೆಲಸದ ದಿನ (ಟಿ ಅಂದ್ರ ವ್ಯಾಪಾರದ ದಿನ): 2001ರ ಜುಲೈದಾಗ ಟಿ+5, 2002ರ ಏಪ್ರಿಲ್‌ದಾಗ ಟಿ+3, 2003ರ ಏಪ್ರಿಲ್‌ದಾಗ ಟಿ+2, 2023ರ ಜನವರಿಗೆ ಪೂರ್ತಿ ಟಿ+1. ಕಾಗದ ಇದ್ದಿದ್ರ ಇದ್ರಾಗ ಒಂದೂ ಆಗ್ತಿದ್ದಿಲ್ಲ. ಅಂಚಿ ಚೀಲ ಒಂದ್ ದಿನದಾಗ ಮುಂಬೈ ಮುಟ್ಟೂದಿಲ್ಲಲ್ಲ!

ಕಲಂ ಹನ್ನೊಂದು

ಕಾನೂನಿನ ಕಡೆಯಿಂದ ಎರಡು ವಿಷಯ.

ಒಂದು, ಐಎಎಸ್‌ನವರು ಈ ಕುರ್ಚಿಗೆ ಬರಲು ಬಾಗಿಲು ಎಲ್ಲಿದೆ? ಸೆಬಿ ಕಾಯ್ದೆ 1992, ಕಲಂ 4(5). ಅಧ್ಯಕ್ಷ ಮತ್ತು ಸದಸ್ಯರು ಷೇರುಪೇಟೆಯ ಸಮಸ್ಯೆ ನಿಭಾಯಿಸಿದವರಾಗಿರಬೇಕು, ಇಲ್ಲವೇ ಕಾನೂನು, ಹಣಕಾಸು, ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ಆಡಳಿತದಂಥ ವಿಷಯದಲ್ಲಿ ವಿಶೇಷ ಜ್ಞಾನ ಇರಬೇಕು. ಆ "ಆಡಳಿತ" ಎಂಬ ಒಂದು ಪದವೇ ಬಾಗಿಲು. ಬರೀ ಅದರ ಮೇಲೆ ಬಂದವರು ಕಡಿಮೆ. ಮೆಹ್ತಾ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದವರು, ದಾಮೋದರನ್ ಮತ್ತು ಸಿನ್ಹಾ ಮ್ಯೂಚುವಲ್ ಫಂಡ್ ಸಂಸ್ಥೆ ಯುಟಿಐ ಕಡೆಯಿಂದ, ಭಾವೆ ಡಿಪಾಸಿಟರಿಯಿಂದ. ನಡುವೆ ಒಂದು ಮೆಟ್ಟಿಲು ಇದ್ದೇ ಇದೆ. ಹಣಕಾಸು ಸಚಿವಾಲಯದ ಬಂಡವಾಳ ಮಾರುಕಟ್ಟೆ ವಿಭಾಗದ ಜಂಟಿ ಕಾರ್ಯದರ್ಶಿ ಹುದ್ದೆಯೂ ಅಂಥದೇ ಮೆಟ್ಟಿಲು. ಸಿನ್ಹಾ ಅಲ್ಲಿದ್ದವರು, ಕರ್ನಾಟಕ ಕೇಡರ್‌ನ ಕೆ.ಪಿ. ಕೃಷ್ಣನ್ ಅವರೂ ಅದೇ ಹುದ್ದೆಯಲ್ಲಿದ್ದು ಹಣಕಾಸು ಕಾನೂನು ಸುಧಾರಣೆಯಲ್ಲಿ ಹೆಸರು ಮಾಡಿದವರು. ಹಾಗಾಗಿ "ಜಿಲ್ಲೆಯಿಂದ ನೇರ ಸೆಬಿಗೆ" ಅನ್ನೋ ಚಿತ್ರ ಸರಿಯಲ್ಲ.

ಎರಡು, ಸೆಬಿ ಸರ್ಕಾರದ ಇಲಾಖೆ ಅಲ್ಲ. ನಿಯಮ ಮಾಡುತ್ತೆ, ತನಿಖೆ ಮಾಡುತ್ತೆ, ಆದೇಶವನ್ನೂ ಕೊಡುತ್ತೆ. ಸಚಿವಾಲಯದಲ್ಲಿ ಕಡತದ ಮೇಲೆ ಬರೆದ ಟಿಪ್ಪಣಿಗೆ ಮೇಲಿನವರು ಸಹಿ ಹಾಕುತ್ತಾರೆ. ಇಲ್ಲಿ ಸೆಬಿ ಮಂಡಳಿಯ ಪೂರ್ಣಾವಧಿ ಸದಸ್ಯ ತನ್ನ ಹೆಸರಲ್ಲೇ ಆದೇಶ ಬರೆಯಬೇಕು, ಅದರ ಒಂದೊಂದು ಸಾಲನ್ನೂ ಮೇಲ್ಮನವಿ ನ್ಯಾಯಮಂಡಳಿ ಒರೆಗೆ ಹಚ್ಚುತ್ತೆ. ಆದೇಶ ಕೈಸೇರಿ 45 ದಿನದೊಳಗೆ ಅಲ್ಲಿಗೆ, ಅಲ್ಲಿಂದ ಕಾನೂನಿನ ಪ್ರಶ್ನೆ ಇದ್ದರೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ. ಟಿಪ್ಪಣಿ ಬರೆದು ರೂಢಿಯಾದವರಿಗೆ ಕಷ್ಟವಾಗುವುದು ಇಲ್ಲೇ. ನೋಟಿಸಿನಲ್ಲಿ ಹೇಳದ ಆರೋಪವನ್ನು ಆದೇಶದಲ್ಲಿ ತಂದರೆ, ದಾಖಲೆ ನೋಡಲು ಕೊಡದೆ ಮುಗಿಸಿದರೆ, ಸಹಜ ನ್ಯಾಯದ ಹೆಸರಲ್ಲಿ ಇಡೀ ಆದೇಶ ಬಿದ್ದುಹೋಗುತ್ತೆ.

ತುಂಗಾ ದಂಡೆ

ಕಲಂ ಸರ್, ಹಾಗಾದರೆ ಭಾವೆ ಅವರ ವಿಷಯದಲ್ಲಿ ಹಿತಾಸಕ್ತಿಯ ತಾಕಲಾಟ ಬರಲಿಲ್ಲವೇ? ಎನ್‌ಎಸ್‌ಡಿಎಲ್ ಮೇಲೆ ಸೆಬಿಯೇ ಕ್ರಮ ಕೈಗೊಂಡಿತ್ತಲ್ಲ.

ಕಲಂ ಹನ್ನೊಂದು

ಬಂತು, ಜೋರಾಗಿಯೇ ಬಂತು. ಅದನ್ನು ಮುಚ್ಚಿಡದೆ ಹೇಳಬೇಕು.

2003ರಿಂದ 2005ರ ನಡುವಿನ ಐಪಿಒ ಹಗರಣ. ಐಪಿಒ ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು. ಸಣ್ಣ ಹೂಡಿಕೆದಾರರಿಗೆ ಬೇರೆ ಪಾಲು ಮೀಸಲು, ಅದರಲ್ಲಿ ಒಂದು ಅರ್ಜಿಗೆ ಹಾಕಬಹುದಾದ ಹಣಕ್ಕೆ ಮಿತಿ ಇತ್ತು. ಹಾಗಾಗಿ ಕೆಲವರು ಸಾವಿರಾರು ಸುಳ್ಳು ಹೆಸರಲ್ಲಿ ಡಿಮ್ಯಾಟ್ ಖಾತೆ ತೆರೆದರು. ಎಲ್ಲಿಂದಲೋ ತಂದ ಫೋಟೊ, ಬ್ಯಾಂಕ್ ಕೊಟ್ಟ ಗುರುತಿನ ಪತ್ರ, ಸಾವಿರಾರು ಖಾತೆಗೆ ಒಂದೇ ವಿಳಾಸ. ಹಂಚಿಕೆಯಾದ ಷೇರನ್ನು ಪಟ್ಟಿಗೆ ಸೇರುವ ಮೊದಲೇ ಪೇಟೆಯ ಹೊರಗಿನ ವರ್ಗಾವಣೆಯಲ್ಲಿ ಒಂದೇ ಖಾತೆಗೆ ಎಳೆದುಕೊಂಡು, ಮೊದಲ ದಿನವೇ ಮಾರಿ ಲಾಭ. ಯೆಸ್ ಬ್ಯಾಂಕ್, ಐಡಿಎಫ್‌ಸಿ ಐಪಿಒಗಳಲ್ಲಿ ಇದು ಬಯಲಾಯಿತು.

ಆಗ ಎನ್‌ಎಸ್‌ಡಿಎಲ್ ಮುಖ್ಯಸ್ಥರು ಭಾವೆ. ಗುರುತು ಪರೀಕ್ಷಿಸಬೇಕಾದ್ದು ಡಿಪಾಸಿಟರಿಯ ಪರವಾಗಿ ಖಾತೆ ತೆರೆಯುವ ಬ್ಯಾಂಕ್ ಅಥವಾ ಬ್ರೋಕರ್, ಅಂದರೆ ಡಿಪಿಯೇ, ಅಥವಾ ಒಂದೇ ವಿಳಾಸಕ್ಕೆ ಸಾವಿರ ಖಾತೆ ಬಂದಾಗ ಡಿಪಾಸಿಟರಿಯ ಕಂಪ್ಯೂಟರೇ ಎಚ್ಚರಿಸಬೇಕಿತ್ತೇ? 2006ರ ನವೆಂಬರಿನ ಆದೇಶದಲ್ಲಿ ಸೆಬಿ ಎರಡೂ ಡಿಪಾಸಿಟರಿ (ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್) ಮತ್ತು ಹಲವು ಡಿಪಿಗಳಿಂದ ಸುಮಾರು 115 ಕೋಟಿ ರೂಪಾಯಿ ವಾಪಸ್ ಕಟ್ಟಿಸಲು ಹೊರಟಿತು. ಆ ಆದೇಶವನ್ನು ಮೇಲ್ಮನವಿ ನ್ಯಾಯಮಂಡಳಿ 2007ರಲ್ಲಿ ತಳ್ಳಿಹಾಕಿತು. ಭಾವೆ ಅಧ್ಯಕ್ಷರಾದಾಗ ಎನ್‌ಎಸ್‌ಡಿಎಲ್ ಕಡತಗಳನ್ನು ಮಂಡಳಿಯ ಇಬ್ಬರು ಸದಸ್ಯರಾದ ಮೋಹನ್ ಗೋಪಾಲ್ ಮತ್ತು ವಿ. ಲೀಲಾಧರ್ ಅವರ ಸಮಿತಿಗೆ ಒಪ್ಪಿಸಲಾಯಿತು, ಭಾವೆ ಹೊರಗಿದ್ದರು. ಆ ಸಮಿತಿಯ ಆದೇಶ ಎನ್‌ಎಸ್‌ಡಿಎಲ್‌ಗೆ ಕಟುವಾಗಿತ್ತು. ಸೆಬಿ ಮಂಡಳಿ ಆಮೇಲೆ ಅದು ಊರ್ಜಿತವಲ್ಲ ಅಂದಿತು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು.

ನನ್ನ ತೀರ್ಮಾನ: ಅಧ್ಯಕ್ಷ ಕೋಣೆಯಿಂದ ಎದ್ದು ಹೋದರೆ ಸಾಲದು. ಅವನಿಲ್ಲದಾಗ ಯಾರು ತೀರ್ಪು ಕೊಡಬೇಕು, ಅವರ ಅಧಿಕಾರದ ಎಲ್ಲೆ ಎಲ್ಲಿಯವರೆಗೆ ಅಂತ ನೇಮಕದ ದಿನವೇ ಬರೆದಿಟ್ಟಿರಬೇಕು. ಅದು ಸ್ಪಷ್ಟವಿಲ್ಲದ್ದರಿಂದ ಮೂರು ವರ್ಷವೂ ಆ ನೆರಳು ಬಿಡಲಿಲ್ಲ.

ಹಳೇ ಫೋಲಿಯೊ

ಒಪ್ಪುತ್ತೇನೆ. ಒಂದು ಸೇರಿಸಿ: ಹಗರಣದ ನಂತರ 2007ರ ಜುಲೈಯಿಂದ ಷೇರುಪೇಟೆಯಲ್ಲಿ ಪ್ಯಾನ್ ಒಂದೇ ಗುರುತು ಅಂತಾಯಿತು. ಅದು ದಾಮೋದರನ್ ಕಾಲದ ಕೆಲಸ. ಸುಳ್ಳು ಖಾತೆಗೆ ನಿಜವಾದ ಪೆಟ್ಟು ಬಿದ್ದಿದ್ದು ಅಲ್ಲಿ.

ಲೆಡ್ಜರ್ ಪುಟ

ಈಗ ಅಸ್ಬಾ. ಅಧ್ಯಕ್ಷರಾದ ವರ್ಷವೇ, 2008ರಲ್ಲಿ ಇದು ಬಂತು.

ಅದಕ್ಕೆ ಮೊದಲು ಐಪಿಒ ಅರ್ಜಿ ಜೊತೆ ಚೆಕ್ ಲಗತ್ತಿಸಬೇಕಿತ್ತು. ಚೆಕ್ ನಗದಾಗಿ ಹಣ ವಿತರಣೆಯ ಬ್ಯಾಂಕಿನಲ್ಲಿ ವಾರಗಟ್ಟಲೆ ಕೂರುತ್ತಿತ್ತು. ಷೇರು ಸಿಗದಿದ್ದರೆ ಮರುಪಾವತಿ ಪತ್ರ ಅಂಚೆಯಲ್ಲಿ. ಹೆಸರಲ್ಲಿ ಒಂದಕ್ಷರ ತಪ್ಪಿದರೆ ಬ್ಯಾಂಕ್ ಒಪ್ಪಲ್ಲ. ಅಸ್ಬಾದಲ್ಲಿ ಹಣ ನಿಮ್ಮ ಖಾತೆಯಲ್ಲೇ ಇರುತ್ತೆ, ಬ್ಯಾಂಕ್ ಅದರ ಮೇಲೆ ತಡೆ ಹಾಕುತ್ತೆ ಅಷ್ಟೆ. ಹಂಚಿಕೆಯಾದಷ್ಟು ಮಾತ್ರ ಕಡಿತ, ಉಳಿದದ್ದಕ್ಕೆ ತಡೆ ತೆರವು. ಮರುಪಾವತಿ ಅನ್ನೋ ಕೆಲಸವೇ ಇಲ್ಲ.

ಬಡ್ಡಿಯ ಲೆಕ್ಕ ಇನ್ನೂ ಸೂಕ್ಷ್ಮ. 2010ರ ಮಾರ್ಚ್ 31ರವರೆಗೆ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದದ್ದು ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ. ಒಂದು ಲಕ್ಷದ ಚೆಕ್ ಆ ನಡುವೆ ಒಂದೇ ದಿನ ನಗದಾದರೂ ಇಡೀ ತಿಂಗಳ ಬಡ್ಡಿ ಹೋಯಿತು, ಆಗಿನ 3.5 ಶೇಕಡಾ ದರದಲ್ಲಿ ಸುಮಾರು 292 ರೂಪಾಯಿ. ತಡೆ ಹಾಕಿದ ಹಣ ಶಿಲ್ಕಿನಲ್ಲೇ ಇರೋದರಿಂದ ಬಡ್ಡಿ ಉಳಿಯಿತು. ಒಬ್ಬನಿಗೆ ಅದು ಚಿಲ್ಲರೆ. ಲಕ್ಷಾಂತರ ಅರ್ಜಿಗೆ ಗುಣಿಸಿ ನೋಡಿ, ಆ ಹಣದ ಪ್ರಯೋಜನ ಮೊದಲು ಯಾರಿಗೆ ಹೋಗುತ್ತಿತ್ತು ಅಂತ.

ಇನ್ನೊಂದು, ಜನ ಮರೆತದ್ದು. 2010ರ ಏಪ್ರಿಲ್ ಕೊನೆಯವರೆಗೆ ದೊಡ್ಡ ಸಂಸ್ಥೆಗಳು ಅರ್ಜಿ ಹಾಕುವಾಗ 10 ಶೇಕಡಾ ಮಾತ್ರ ಕಟ್ಟಿದರೆ ಸಾಕಿತ್ತು, ಸಣ್ಣವರು ಪೂರ್ತಿ. 2008ರ ಜನವರಿಯ ರಿಲಯನ್ಸ್ ಪವರ್ ಐಪಿಒಗೆ ಎಪ್ಪತ್ತು ಪಟ್ಟು ಮೀರಿ ಬೇಡಿಕೆ ಬಂತು ಅಂತ ಸುದ್ದಿಯಾಗಿತ್ತಲ್ಲ, ಅಂಥ ಸಂಖ್ಯೆಯ ಹಿಂದೆ ಈ ಹತ್ತರ ಲೆಕ್ಕವೂ ಇದೆ. ಮೇ 1, 2010ರಿಂದ ಎಲ್ಲರಿಗೂ 100 ಶೇಕಡಾ. ವಿತರಣೆ ಮುಗಿದು ಪಟ್ಟಿಗೆ ಸೇರುವ ಅವಧಿಯನ್ನೂ ಅದೇ ಹೊತ್ತಿಗೆ 12 ಕೆಲಸದ ದಿನಕ್ಕೆ ಇಳಿಸಿದರು. 2016ರಲ್ಲಿ ಅದು 6 ದಿನ ಆಯಿತು, ಅಸ್ಬಾ ಎಲ್ಲರಿಗೂ ಕಡ್ಡಾಯವೂ ಆಯಿತು. 2023ರ ಡಿಸೆಂಬರಿನಿಂದ 3 ದಿನ.

ಮಲ್ಲಿಗೆ ಪೇಟೆ

ಡಿಮ್ಯಾಟ್, ಅಸ್ಬಾ ಬಗ್ಗೆ ನನಗೆ ತಕರಾರಿಲ್ಲ. ಎಂಟ್ರಿ ಲೋಡ್ ವಿಷಯದಲ್ಲಿ ಮಾತ್ರ ನಿಮ್ಮಷ್ಟು ಸಲೀಸಾಗಿ ಹೊಗಳಲಾರೆ.

2009ರ ಆಗಸ್ಟ್ 1ರಿಂದ ಎಂಟ್ರಿ ಲೋಡ್ ರದ್ದು. ಅದುವರೆಗೆ ಷೇರು ಆಧಾರಿತ ಫಂಡಿನಲ್ಲಿ 2.25 ಶೇಕಡಾ ಇತ್ತು, ಏಜೆಂಟರ ಕಮಿಷನ್ ಅದರಿಂದಲೇ. ಸೆಬಿ ಹೇಳಿದ್ದು, ಹೂಡಿಕೆದಾರ ಸೇವೆ ನೋಡಿ ಬೇರೆ ಚೆಕ್ಕಿನಲ್ಲಿ ಶುಲ್ಕ ಕೊಡಲಿ ಅಂತ. ಕಾಗದದ ಮೇಲೆ ನ್ಯಾಯವೇ. ಆದರೆ ತಾಲ್ಲೂಕು ಪೇಟೆಯಲ್ಲಿ 5,000 ರೂಪಾಯಿ ಹಾಕುವವರ ಹತ್ತಿರ "ನನಗೆ 100 ರೂಪಾಯಿ ಬೇರೆ ಕೊಡಿ" ಅಂತ ಕೇಳಲು ಆಗುತ್ತದೆಯೇ? ಏಜೆಂಟರು ಏನು ಮಾಡಿದರು? ಫಂಡ್ ಬಿಟ್ಟು, ಮೊದಲ ವರ್ಷದ ಪ್ರೀಮಿಯಂನಲ್ಲಿ ದೊಡ್ಡ ಪಾಲು ಕೊಡುತ್ತಿದ್ದ ಯುಲಿಪ್ (ವಿಮೆ ಮತ್ತು ಹೂಡಿಕೆ ಸೇರಿದ ಪಾಲಿಸಿ) ಮಾರಲು ಹೋದರು. ಸಣ್ಣ ಊರಿನ ಹೂಡಿಕೆದಾರನಿಗೆ ಕಡಿಮೆ ಖರ್ಚಿನ ಸರಕಿನ ಬದಲು ಹೆಚ್ಚು ಖರ್ಚಿನ ಸರಕು ಕೈಗೆ ಬಂತು.

ಒಂದು ಕಡೆ ಮಾತ್ರ ಬೆಲೆ ಇಳಿಸಿ ಪಕ್ಕದ ಅಂಗಡಿಯನ್ನು ಹಾಗೇ ಬಿಟ್ಟರೆ ವ್ಯಾಪಾರ ಅಲ್ಲಿಗೆ ಹರಿಯುತ್ತದೆ. ಇಷ್ಟು ಅನುಭವದ ಆಡಳಿತಗಾರ ಅದನ್ನು ಮೊದಲೇ ಲೆಕ್ಕ ಹಾಕಬೇಕಿತ್ತು.

ಲೆಡ್ಜರ್ ಪುಟ

ಮೇಡಂ, ಏಜೆಂಟರು ಯುಲಿಪ್ ಕಡೆ ಹೋದರು ಅನ್ನೋದು ನಿಜ. ಆದರೆ ಒಂದು ಲಕ್ಷ ಹಾಕಿದರೆ 2,250 ಬಾಗಿಲಲ್ಲೇ ಕಳೆಯೋದು, ಅದೂ ಸಲಹೆ ಸಿಗಲಿ ಬಿಡಲಿ, ಎಷ್ಟು ಸರಿ?

ಹಳೇ ಫೋಲಿಯೊ

ಒಂದು ಸಣ್ಣ ತಿದ್ದುಪಡಿ. ಲೋಡನ್ನು ಹಣದಿಂದ ಕಳೆಯುತ್ತಿರಲಿಲ್ಲ, ಎನ್‌ಎವಿಗೆ, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆಗೆ, ಕೂಡಿಸುತ್ತಿದ್ದರು. ಎನ್‌ಎವಿ 20 ಇದ್ದರೆ ಮಾರಾಟ ಬೆಲೆ 20.45. ಒಂದು ಲಕ್ಷಕ್ಕೆ 4,889.976 ಯೂನಿಟ್, ಅವುಗಳ ಬೆಲೆ 97,799.52. ಅಂದರೆ ಹೋದದ್ದು ಸುಮಾರು 2,200. ಹಳೆಯ ಖಾತೆ ಪತ್ರ ತೆಗೆದು ಲಾಭ ನಷ್ಟ ಲೆಕ್ಕ ಹಾಕುವವರಿಗೆ ಈ ವ್ಯತ್ಯಾಸ ಬೇಕಾಗುತ್ತೆ. ಜೊತೆಗೆ, 2008ರ ಜನವರಿ 4ರಿಂದಲೇ ಏಜೆಂಟರಿಲ್ಲದೆ ನೇರ ಅರ್ಜಿ ಹಾಕಿದರೆ ಲೋಡ್ ಇರಲಿಲ್ಲ, ಅದು ಭಾವೆ ಬರುವುದಕ್ಕೆ ಮೊದಲೇ ಆದದ್ದು.

ಲೆಡ್ಜರ್ ಪುಟ

ಸರಿ, ಒಪ್ಪಿದೆ. ನನ್ನ ಲೆಕ್ಕ ತಪ್ಪಿತ್ತು.

ಮಲ್ಲಿಗೆ ಪೇಟೆ

ಸಲಹೆ ಇಲ್ಲದೆ ಹಣ ಕಳೆಯಬಾರದು ಅನ್ನುವುದು ನನಗೂ ಒಪ್ಪಿಗೆ. ನಾನು ಹೇಳುತ್ತಿರುವುದು ಕ್ರಮದ ಬಗ್ಗೆ. ಸಿನ್ಹಾ ಬಂದ ಮೇಲೆ ಏನಾಯಿತು ನೋಡಿ. 2011ರಲ್ಲಿ 10,000 ರೂಪಾಯಿ ಮೇಲಿನ ಹೂಡಿಕೆಗೆ 100 ರೂಪಾಯಿ, ಹೊಸಬರಿಗೆ 150 ರೂಪಾಯಿ ವ್ಯವಹಾರ ಶುಲ್ಕ ಬಂತು. 2012ರಲ್ಲಿ ಮೊದಲ ಹದಿನೈದು ನಗರಗಳ ಹೊರಗಿನಿಂದ ಬರುವ ಹಣಕ್ಕೆ ಫಂಡಿನ ಖರ್ಚಿನಲ್ಲಿ 0.30 ಶೇಕಡಾದವರೆಗೆ ಹೆಚ್ಚುವರಿ ಅವಕಾಶ ಬಂತು. ಕರ್ನಾಟಕದಲ್ಲಿ ಬೆಂಗಳೂರು ಬಿಟ್ಟರೆ ಉಳಿದ ಊರೆಲ್ಲ ಆ ಹೊರಗಿನ ಪಟ್ಟಿಯಲ್ಲೇ. ಜೊತೆಗೇ 2013ರ ಜನವರಿ 1ರಿಂದ ಡೈರೆಕ್ಟ್ ಪ್ಲಾನ್ ತಂದು, ಏಜೆಂಟ್ ಬೇಡ ಅನ್ನುವವರಿಗೆ ಬೇರೆ ಎನ್‌ಎವಿ ಕೊಟ್ಟರು. ಸೇವೆ ಬೇಕಾದವರಿಗೆ ಒಂದು ದಾರಿ, ಬೇಡದವರಿಗೆ ಇನ್ನೊಂದು. 2009ರಲ್ಲೇ ಇದು ಒಟ್ಟಿಗೆ ಬರಬೇಕಿತ್ತು.

ಹುಬ್ಬಳ್ಳಿ ಮಂದಿ

ಮೇಡಮ್ಮಾರ ಮಾತ್ ಖರೇ ಐತಿ. ಆದ್ರ ಆ ಹೆಚ್ಚುವರಿ 0.30 ಸೈತ ಹಾಳಾತ್ರಿ. ದೊಡ್ಡ ಊರಿನ ರೊಕ್ಕ ಸಣ್ಣ ಊರಿನ ವಿಳಾಸದ ಮ್ಯಾಲೆ ತೋರ್ಸೂದು, ಒಂದ್ ವರ್ಷ ಆತು ಅಂದ್ರ ತಗದು ಮತ್ತ ಹಾಕ್ಸೂದು. 2018ರಾಗ ಮೂವತ್ತು ನಗರದ ಹೊರಗ ಅಂತ ಬದಲ ಮಾಡಿದ್ರು, ಅದೇ ವರ್ಷ ಮುಂಗಡ ಕಮಿಷನ್ ಬಂದ್ ಮಾಡಿ ವರ್ಷಾ ವರ್ಷಾ ಕೊಡೂ ಪದ್ಧತಿ ಅಷ್ಟ ಇಟ್ಟರು. 2023ರ ಮಾರ್ಚ್‌ದಾಗ ಆ ಹೆಚ್ಚುವರಿ ಖರ್ಚೂ ನಿಲ್ಸಿದ್ರು. ಯಾರ್ ಕುಂತ್ರೂ ಕಮಿಷನ್ ಒಂದ್ ಕಡೆ ಒತ್ತಿದ್ರ ಇನ್ನೊಂದ್ ಕಡೆ ಉಬ್ಬತೈತಿ.

ಕಲಂ ಹನ್ನೊಂದು

ಪಕ್ಕದ ಅಂಗಡಿಯನ್ನು ಬಿಟ್ಟರು ಅಂತ ಮೇಡಂ ಹೇಳಿದರಲ್ಲ, ಬಿಡಲಿಲ್ಲ. ಅಲ್ಲೇ ಅವರ ಅವಧಿಯ ದೊಡ್ಡ ಜಗಳ ಆದದ್ದು.

2010ರ ಏಪ್ರಿಲ್ 9ರಂದು ಸೆಬಿ ಹದಿನಾಲ್ಕು ವಿಮಾ ಕಂಪನಿಗಳಿಗೆ ಆದೇಶ ಕೊಟ್ಟಿತು: ಯುಲಿಪ್‌ನ ಹೂಡಿಕೆಯ ಭಾಗ ಮ್ಯೂಚುವಲ್ ಫಂಡೇ, ಸೆಬಿ ಕಾಯ್ದೆ ಕಲಂ 12(1ಬಿ) ಪ್ರಕಾರ ನೋಂದಣಿ ಇಲ್ಲದೆ ಹಣ ಎತ್ತುವಂತಿಲ್ಲ. ಮರುದಿನವೇ ವಿಮಾ ನಿಯಂತ್ರಕರು ತಮ್ಮ ಕಂಪನಿಗಳಿಗೆ ಎಂದಿನಂತೆ ಮಾರಿ ಅಂದರು. ಒಂದೇ ಸರ್ಕಾರದ ಕೆಳಗಿನ ಎರಡು ನಿಯಂತ್ರಕರು ಬಹಿರಂಗವಾಗಿ ಎದುರುಬದುರು. ಜೂನ್ 18ರಂದು ಸುಗ್ರೀವಾಜ್ಞೆ ಬಂತು: ಯುಲಿಪ್ ವಿಮಾ ನಿಯಂತ್ರಕರದ್ದೇ, ಮುಂದೆ ಇಂಥ ವಿವಾದ ಬಂದರೆ ಹಣಕಾಸು ಸಚಿವರ ಅಧ್ಯಕ್ಷತೆಯ ಜಂಟಿ ಸಮಿತಿಗೆ.

ಅಧಿಕಾರದ ಲೆಕ್ಕದಲ್ಲಿ ಸೆಬಿ ಸೋತಿತು. ಸರಕಿನ ಲೆಕ್ಕದಲ್ಲಿ ಗೆದ್ದದ್ದು ಗ್ರಾಹಕ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ವಿಮಾ ನಿಯಂತ್ರಕರೇ ಯುಲಿಪ್‌ನಿಂದ ಹಣ ತೆಗೆಯಲಾಗದ ಕಡ್ಡಾಯ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿದರು, ಖರ್ಚನ್ನು ಮೊದಲ ವರ್ಷಕ್ಕೆ ತುರುಕದೆ ಹಂಚಬೇಕು ಅಂದರು, ಒಟ್ಟು ಇಳುವರಿಯಲ್ಲಿ ಖರ್ಚು ತಿನ್ನುವ ಪಾಲಿಗೆ ಮಿತಿ ಹಾಕಿದರು. ಹತ್ತು ವರ್ಷದವರೆಗಿನ ಪಾಲಿಸಿಗೆ 3 ಶೇಕಡಾ, ಅದಕ್ಕಿಂತ ಉದ್ದದ್ದಕ್ಕೆ 2.25. ಹೊರಗಿನವರೊಬ್ಬರು ಬಾಗಿಲು ಬಡಿಯದಿದ್ದರೆ ಇದು ಅಷ್ಟು ಬೇಗ ಆಗುತ್ತಿರಲಿಲ್ಲ.

ತುಂಗಾ ದಂಡೆ

ಸಹಾರಾ ವಿಷಯವೂ ಇದೇ ಅವಧಿಯದ್ದಲ್ಲವೇ? ಅದನ್ನು ಎಲ್ಲರೂ ಸಿನ್ಹಾ ಹೆಸರಿಗೆ ಬರೆಯುತ್ತಾರೆ.

ಹಳೇ ಫೋಲಿಯೊ

ಶುರುವಾದದ್ದು ಭಾವೆ ಅವಧಿಯಲ್ಲಿ. ದಡ ಸೇರಿದ್ದು ಸಿನ್ಹಾ ಅವಧಿಯಲ್ಲಿ.

2009ರ ಸೆಪ್ಟೆಂಬರಿನಲ್ಲಿ ಸಹಾರಾ ಗುಂಪಿನ ಒಂದು ಕಂಪನಿ ಐಪಿಒಗೆ ಕರಡು ಪತ್ರ ಸಲ್ಲಿಸಿತು. ಅಂಥ ಪತ್ರದಲ್ಲಿ ಗುಂಪಿನ ಬೇರೆ ಕಂಪನಿಗಳ ವಿವರವನ್ನೂ ಕೊಡಬೇಕು. ಅಲ್ಲಿ ಎರಡು ಕಂಪನಿಗಳು ಐಚ್ಛಿಕ ಪರಿವರ್ತನೀಯ ಡಿಬೆಂಚರ್ (ಬೇಕಾದರೆ ಷೇರಾಗಿ ಬದಲಿಸಿಕೊಳ್ಳಬಹುದಾದ ಸಾಲಪತ್ರ) ಹೆಸರಲ್ಲಿ ಊರೂರಲ್ಲಿ ಹಣ ಎತ್ತುತ್ತಿರುವುದು ಕಂಡಿತು. ಕಂಪನಿಯವರು ಇದು ಖಾಸಗಿ ವಿತರಣೆ ಅಂದರು. 1956ರ ಕಂಪನಿ ಕಾಯ್ದೆ ಕಲಂ 67(3) ಪ್ರಕಾರ 50 ಅಥವಾ ಹೆಚ್ಚು ಜನಕ್ಕೆ ಕೊಟ್ಟರೆ ಅದು ಸಾರ್ವಜನಿಕ ವಿತರಣೆ. ಇಲ್ಲಿ ಹೂಡಿಕೆದಾರರು ಸುಮಾರು ಮೂರು ಕೋಟಿ.

2010ರ ನವೆಂಬರ್ 24ರ ಮಧ್ಯಂತರ ಆದೇಶ, 2011ರ ಜೂನ್ 23ರ ಅಂತಿಮ ಆದೇಶ ಎರಡನ್ನೂ ಬರೆದವರು ಪೂರ್ಣಾವಧಿ ಸದಸ್ಯ ಕೆ.ಎಂ. ಅಬ್ರಹಾಂ, ಕೇರಳ ಕೇಡರ್‌ನ ಐಎಎಸ್. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಸುಮಾರು 24,000 ಕೋಟಿಯನ್ನು 15 ಶೇಕಡಾ ಬಡ್ಡಿ ಸಮೇತ ಹಿಂತಿರುಗಿಸಲು ಹೇಳಿತು. ಆಮೇಲೆ ಕಂಪನಿ ಸೆಬಿಗೆ ದಾಖಲೆ ಅಂತ ಕಳಿಸಿದ್ದು 127 ಲಾರಿ, 31,669 ಪೆಟ್ಟಿಗೆ. ಅವನ್ನು ಇಡಲು ಗೋದಾಮು ಹುಡುಕಿ, ಪ್ರತಿ ಕಾಗದ ಸ್ಕ್ಯಾನ್ ಮಾಡಿ ಹೂಡಿಕೆದಾರನ ಹೆಸರಿನ ಜೊತೆ ತಾಳೆ ನೋಡಬೇಕಾಯಿತು. ಕಾನೂನಿನ ತಲೆ ಒಂದಿದ್ದರೆ ಆಗುವ ಕೆಲಸವಲ್ಲ ಅದು. ಚುನಾವಣೆ, ಜನಗಣತಿ ನಡೆಸಿ ಗೊತ್ತಿರುವವರ ಕ್ರಮ ಬೇಕು.

ಕಲಂ ಹನ್ನೊಂದು

ಸತ್ಯಂ ನಂತರದ ಒಂದು ಕ್ರಮವನ್ನೂ ಬಿಡಬಾರದು. 2009ರ ಜನವರಿ 7ರಂದು ಐಟಿ ಕಂಪನಿ ಸತ್ಯಂನ ಲೆಕ್ಕದ ಮೋಸ ಹೊರಬಿತ್ತು. ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟು, ಸಾಲ ಕೊಟ್ಟವರು ಅದನ್ನು ಮಾರಿದ್ದು ಸಾಮಾನ್ಯ ಹೂಡಿಕೆದಾರರಿಗೆ ಕಂಡಿರಲಿಲ್ಲ. ಅದೇ ತಿಂಗಳು ಸೆಬಿ ಪ್ರವರ್ತಕರ ಅಡವಿನ ವಿವರ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ಈಗ ಯಾವ ಕಂಪನಿಯ ಷೇರುದಾರರ ತ್ರೈಮಾಸಿಕ ಪಟ್ಟಿ ತೆಗೆದರೂ ಅಡವಿಟ್ಟ ಷೇರಿನ ಕಾಲಂ ಸಿಗುತ್ತೆ. ಷೇರು ಕೊಳ್ಳುವ ಮೊದಲು ಅದನ್ನು ನೋಡಿ. ಪ್ರವರ್ತಕರ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಡವಿದ್ದು, ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುತ್ತಿದ್ದರೆ ಕಾರಣ ಕೇಳದೆ ಕೊಳ್ಳಬೇಡಿ.

ತುಂಗಾ ದಂಡೆ

ಎಲ್ಲರಿಗೂ ಧನ್ಯವಾದ. ಕೊನೆಗೊಂದು ಪ್ರಶ್ನೆ, ಮೊದಲ ವಿಷಯಕ್ಕೇ ಸೇರಿದ್ದು. ಕಾಗದದ ಷೇರು ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ. ಅವು ಈಗ ಬೆಲೆ ಇಲ್ಲದವೇ? ತೀರಿಕೊಂಡವರ ಹೆಸರಲ್ಲಿದ್ದರೆ?

ಹಳೇ ಫೋಲಿಯೊ

ಬೆಲೆ ಹೋಗಿಲ್ಲ. 2019ರ ಏಪ್ರಿಲ್ 1ರಿಂದ ಕಾಗದದ ರೂಪದಲ್ಲಿ ಮಾರಿ ಹೆಸರು ಬದಲಿಸುವಂತಿಲ್ಲ, ಅಷ್ಟೆ. ಡಿಮ್ಯಾಟ್ ಮಾಡಿಸಬಹುದು, ವಾರಸುದಾರರ ಹೆಸರಿಗೂ ಆಗುತ್ತೆ.

ಮೊದಲು ಕಂಪನಿ ಈಗ ಯಾವ ಹೆಸರಲ್ಲಿದೆ, ಅದರ ರಿಜಿಸ್ಟ್ರಾರ್ ಯಾರು ಅಂತ ವಿನಿಮಯ ಕೇಂದ್ರದ ಜಾಲತಾಣದಲ್ಲಿ ನೋಡಿ. ಎಷ್ಟೋ ಕಂಪನಿಗಳು ವಿಲೀನವಾಗಿ ಷೇರಿನ ಸಂಖ್ಯೆಯೇ ಬದಲಾಗಿರುತ್ತೆ. ಫೋಲಿಯೊ ಸಂಖ್ಯೆ ಕೊಟ್ಟು ರಿಜಿಸ್ಟ್ರಾರ್‌ಗೆ ಬರೆದರೆ ಈಗಿನ ಶಿಲ್ಕು ತಿಳಿಸುತ್ತಾರೆ. ಏಳು ವರ್ಷ ಸತತ ಲಾಭಾಂಶ ಪಡೆಯದಿದ್ದರೆ ಷೇರು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗಿರಬಹುದು. ಅದನ್ನು ವಾಪಸ್ ಪಡೆಯಲು ಐಇಪಿಎಫ್-5 ನಮೂನೆ, ಅದು ಬೇರೆ ದಾರಿ, ಹೆಚ್ಚು ಸಮಯ.

ಷೇರು ಫೋಲಿಯೊದಲ್ಲೇ ಇದ್ದರೆ ಮೊದಲು ಐಎಸ್‌ಆರ್-1 ನಮೂನೆಯಲ್ಲಿ ಪ್ಯಾನ್, ವಿಳಾಸ, ಬ್ಯಾಂಕ್ ವಿವರ ಸೇರಿಸಬೇಕು. ಒಡೆಯರು ತೀರಿಕೊಂಡಿದ್ದರೆ ಐಎಸ್‌ಆರ್-5, ಮರಣ ಪ್ರಮಾಣಪತ್ರ, ನಾಮಿನಿ ಇಲ್ಲದಿದ್ದರೆ ವಾರಸಾ ದಾಖಲೆ. ಒಡೆಯರು ಬದುಕಿದ್ದರೆ ತಮ್ಮ ಡಿಪಿ ಹತ್ತಿರ ಡಿಮ್ಯಾಟ್ ಕೋರಿಕೆಯ ನಮೂನೆ (ಡಿಆರ್‌ಎಫ್) ತುಂಬಿ, ಮೂಲ ಪತ್ರದ ಮೇಲೆ ಡಿಮ್ಯಾಟ್‌ಗೆ ಒಪ್ಪಿಸಿದೆ ಎಂಬ ಮೊಹರು ಹಾಕಿಸಿ ಕೊಡಬೇಕು. ಪತ್ರದಲ್ಲಿ ಇಬ್ಬರ ಹೆಸರಿದ್ದರೆ ಡಿಮ್ಯಾಟ್ ಖಾತೆಯಲ್ಲೂ ಅದೇ ಇಬ್ಬರಿರಬೇಕು. ಹೆಸರಿನ ಕ್ರಮ ಮಾತ್ರ ಬೇರೆಯಿದ್ದರೆ ಅದಕ್ಕೊಂದು ಬೇರೆ ನಮೂನೆ ಇದೆ, ಡಿಪಿಯನ್ನು ಕೇಳಿ. ಕೊಡುವ ಮೊದಲು ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳಿ.

ಈಗಲೂ ಹೆಚ್ಚಾಗಿ ಎಡವುವುದು ಸಹಿಯಲ್ಲೇ. ಮೂವತ್ತು ವರ್ಷದ ಹಿಂದಿನ ಮಾದರಿ ಸಹಿಗೆ ಇವತ್ತಿನದು ಹೊಂದುವುದಿಲ್ಲ. ಅದಕ್ಕೆ ಐಎಸ್‌ಆರ್-2 ಇದೆ: ಖಾತೆ ಇರುವ ಬ್ಯಾಂಕಿಗೆ ಹೋಗಿ, ಅಧಿಕಾರಿಯ ಎದುರು ಸಹಿ ಮಾಡಿ, ಅವರ ಹೆಸರು, ಹುದ್ದೆ, ಸಿಬ್ಬಂದಿ ಸಂಖ್ಯೆ, ಶಾಖೆಯ ಮೊಹರು ಎಲ್ಲ ಹಾಕಿಸಿಕೊಳ್ಳಿ. ಮೊಹರು ಅಸ್ಪಷ್ಟವಾಗಿದ್ದರೂ ಅರ್ಜಿ ವಾಪಸ್ ಬರುತ್ತೆ. ಅಲ್ಲೇ ನಿಂತು ನೋಡಿ, ಬೇಕಿದ್ದರೆ ಇನ್ನೊಮ್ಮೆ ಒತ್ತಿಸಿ. ಜೊತೆಗೆ ಕೊಡುವ ರದ್ದು ಮಾಡಿದ ಚೆಕ್ಕಿನ ಮೇಲೆ ನಿಮ್ಮ ಹೆಸರು ಅಚ್ಚಾಗಿರಲಿ, ಇಲ್ಲದಿದ್ದರೆ ಪಾಸ್‌ಬುಕ್ಕಿನ ಮೊದಲ ಪುಟಕ್ಕೆ ಬ್ಯಾಂಕಿನವರ ದೃಢೀಕರಣ ಮಾಡಿಸಿ ಜೊತೆಗಿಡಿ.